ಮೂರನೆಯ ಕಾಲಮ್ಮಿನ ತಮ್ಮ

ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ನನ್ನ ನೆಗೆಣ್ಣಿಯ ಹಸಿರು ಗಾಜಿನ ಬಳೆಗಳು ಮೊಣಕೈಯಿಂದ ಜಾರಿ ಮುಂಗೈಗೆ ಬಿದ್ದವು. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು, ಅದಕ್ಕೇ ವೇಳೆ ನೆನಪಿದೆ. ಕಂಪ್ಯೂಟರಿನ ಮುಂದೆ ಕೂತರೆ ಅವಳು ಮೊದಲು ಬಳೆಗಳನ್ನೆಲ್ಲ ಮೊಣಕೈವರೆಗೆ ಏರಿಸಿ ಬಿಗಿ ಮಾಡಿಕೊಳ್ಳುತ್ತಿದ್ದಳು. ಟೈಪು ಮಾಡುವಾಗ ಸಪ್ಪಳ ಆಗಬಾರದು. ಕೆಲಸ ಮುಗಿಯುವವರೆಗೆ ಅವು ಅಲ್ಲಿಂದ ಇಳಿದದ್ದನ್ನು ನಾನು ಕಂಡಿರಲಿಲ್ಲ. ಆವತ್ತು ಅವಳ ಎರಡೂ ಕೈ ಕುರ್ಚಿಯ ಪಕ್ಕಕ್ಕೆ ಜೋತುಬಿದ್ದವು, ಬಳೆಗಳು ಒಂದರ ಹಿಂದೊಂದು ಇಳಿದವು. ಇವತ್ತಿಗೂ ಬನಹಟ್ಟಿಯ ಪೇಟೆಯಲ್ಲಿ ಬಳೆ ಅಂಗಡಿ ಬಂದರೆ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಮನೆಯಲ್ಲಿ ನಾನು ದೊಡ್ಡಾಕಿ, ಅವಳು ಸಣ್ಣಾಕಿ. ಅತ್ತೆ ಇಟ್ಟ ಈ ಎರಡು ಹೆಸರುಗಳಲ್ಲೇ ಓಣಿಯೆಲ್ಲ ನಮ್ಮನ್ನು ಕರೆಯುತ್ತದೆ. ನಾನು ಈ ಮನೆಗೆ ಬಂದು ಮೂರು ವರ್ಷವಾದ ಮೇಲೆ ಅವಳು ಬಂದಳು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿ ಜಮಖಂಡಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಪ್ರತಿ ಜೂನಿನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಕೆಲಸ. ಅವಳು ಎಂಜಿನಿಯರಿಂಗ್ ಓದಿ, ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರು ಕಲಿಸುವ ಕಾಯಂ ನೌಕರಿ ಹಿಡಿದುಕೊಂಡೇ ಮದುವೆಯಾಗಿ ಬಂದಳು. ಕಾಯಂ ಎನ್ನುವ ಆ ಶಬ್ದವನ್ನು ಅತ್ತೆ ಬಂದವರೆದುರೆಲ್ಲ ಬಾಯಿತುಂಬ ಹೇಳುತ್ತಿದ್ದರು. ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ನೋಡಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೇನೋ.

ಅವಳು ವಿನಯದವಳಲ್ಲ. ತನಗೆ ಗೊತ್ತಿರುವುದು ಗೊತ್ತಿದೆ ಎಂದೇ ಹೇಳುವವಳು. ಕಂಪ್ಯೂಟರಿನಲ್ಲಿ ಎಲ್ಲರೂ ಮೌಸು ಹಿಡಿದು ಚಿತ್ರ ಒತ್ತಿದರೆ ಅವಳು ಒಂದು ಕಪ್ಪು ಪರದೆ ತೆರೆದು, ಅದರಲ್ಲಿ ಎರಡು ಶಬ್ದ ಬರೆದು ಒಂದು ಗುಂಡಿ ಒತ್ತುತ್ತಿದ್ದಳು. ಯಾಕೆ ಹೀಗೆ ಎಂದರೆ, ಮೌಸಿಗೆ ಕೈ ಒಯ್ಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ ಎನ್ನುವಳು. ಇನ್ನೊಂದು ಚಟ, ಎಣಿಸುವುದು. ರೊಟ್ಟಿ ಬಡಿದು ಬುಟ್ಟಿಗೆ ಹಾಕುವಾಗ ಎಣಿಸುವಳು, ಬಟ್ಟೆ ಹಗ್ಗಕ್ಕೆ ಹಾಕುವಾಗ, ಮತ್ತೆ ತೆಗೆಯುವಾಗ ಎಣಿಸುವಳು. ಒಣಹಾಕಿದ ಬಟ್ಟೆಯಲ್ಲಿ ಒಂದು ಕರವಸ್ತ್ರ ಕಡಿಮೆಯಾದರೂ ಪಕ್ಕದ ಮನೆಯ ಮಾಳಿಗೆಯಿಂದ ತಂದು ಹಾಕಿಯೇ ಕೂಡುವಳು. "ಕೆಲಸಾ ಮಾಡೂಕಿಂತ ಮೊದಲ ಎಷ್ಟ ಇತ್ತು, ಮಾಡಿದ ಮ್ಯಾಲ ಎಷ್ಟ ಐತಿ, ಅಷ್ಟ ನೋಡ್ರಿ ಅಕ್ಕಾರ" ಎನ್ನುವುದು ಅವಳ ಮಾತು. ಅತ್ತೆಗೆ ಈ ಚಟವೂ ಮುದ್ದೇ. ನಾನು ಹಾಗೆ ಎಣಿಸಿದ್ದರೆ ಜಿಪುಣಿ ಎನ್ನುತ್ತಿದ್ದರು.

ಅವಳು ಬಂದ ವರ್ಷವೇ ನಮ್ಮ ನಾದಿನಿಯ ಮದುವೆ ಬಂತು. ನಮ್ಮ ಕಡೆ ಮದುವೆಯಲ್ಲಿ ಬಟ್ಟೆ ಕೊಟ್ಟವರಿಗೆ ತಿರುಗಿ ಬಟ್ಟೆ ಕೊಡಲೇಬೇಕು. ಅದಕ್ಕೆ ಆಯೇರಿ ಎನ್ನುತ್ತೇವೆ. ನನ್ನ ಮದುವೆಯಲ್ಲಿ ಯಾರ್‍ಯಾರು ಆಯೇರಿ ತಂದಿದ್ದರು, ಈಗ ಯಾರ್‍ಯಾರ ಹೆಸರಿಗೆ ಸೀರೆ ತೆಗೆದಿದ್ದೇವೆ ಎಂಬ ಎರಡು ಪಟ್ಟಿ ಹರವಿಕೊಂಡು ನಾನೂ ಅತ್ತೆಯೂ ಕೂತಿದ್ದೆವು. ನಾನು ಹೆಸರು ಓದುವುದು, ಅತ್ತೆ ಇನ್ನೊಂದರಲ್ಲಿ ಹುಡುಕುವುದು. ತೇರದಾಳದ ಕಾಕಾ ಎಲ್ಲಿ, ಚಿಮ್ಮಡದವರು ಎಲ್ಲಿ ಎಂದು ಎರಡು ಮಧ್ಯಾಹ್ನ ಕಳೆದವು. ಸಣ್ಣಾಕಿ ಪಾಲಿಟೆಕ್ನಿಕ್ಕಿನಿಂದ ಬಂದು, ಚಹಾ ಕುಡಿಯುತ್ತ ನಿಂತು ನೋಡಿ, ಎರಡೂ ಪಟ್ಟಿಗಳನ್ನು ನನ್ನಿಂದಲೇ ಓದಿಸಿ ಲ್ಯಾಪ್‌ಟಾಪಿನಲ್ಲಿ ಹಾಕಿದಳು. ಆಮೇಲೆ ಬಳೆ ಏರಿಸಿ ಎರಡು ಸಾಲು ಬರೆದಳು. ಪರದೆಯ ಮೇಲೆ ಮೂರು ಕಾಲಮ್ಮು ಮೂಡಿದವು.

ಆವತ್ತು ಅವಳು ನನಗೆ ಅದನ್ನು ತಿಳಿಸಿ ಹೇಳಿದಳು. ಸಾರ್ಟ್ ಎಂದು ಬರೆದರೆ ಹೆಸರುಗಳು ಅಕ್ಷರದ ಸಾಲಿಗೆ ಹತ್ತುತ್ತವೆ. ಎರಡೂ ಪಟ್ಟಿ ಹಾಗೆ ಸಾಲಿಗೆ ಹತ್ತಿದ ಮೇಲೆ ಕಾಮ್ ಎಂದು ಬರೆದು ಎರಡನ್ನೂ ಜೋಡಿಸಬೇಕು. ಮೊದಲನೆಯ ಪಟ್ಟಿಯಲ್ಲಷ್ಟೇ ಇದ್ದವರು ಒಂದನೆಯ ಕಾಲಮ್ಮಿಗೆ, ಎರಡನೆಯದರಲ್ಲಷ್ಟೇ ಇದ್ದವರು ಎರಡನೆಯದಕ್ಕೆ, ಎರಡರಲ್ಲೂ ಇದ್ದವರು ಮೂರನೆಯದಕ್ಕೆ. ಸೀರೆ ಕೊಡಬೇಕಾಗಿದ್ದ ನಾಲ್ಕು ಮನೆಗಳು ಒಂದನೆಯ ಕಾಲಮ್ಮಿನಲ್ಲಿ ಬೆತ್ತಲೆಯಾಗಿ ನಿಂತಿದ್ದವು. ಅತ್ತೆ ಅವಳ ಗದ್ದ ಹಿಡಿದು, "ಸಣ್ಣಾಕಿ ನಮ್ಮ ಮಾನಾ ಉಳಿಸಿದಳ ನೋಡು" ಎಂದರು. ಎರಡು ಮಧ್ಯಾಹ್ನ ಬೆನ್ನು ಬಗ್ಗಿಸಿ ಕೂತವಳು ನಾನು. ಆ ರಾತ್ರಿ ಪಾತ್ರೆ ತಿಕ್ಕುತ್ತ ನನ್ನನ್ನೂ ಅವಳನ್ನೂ ಮನಸ್ಸಿನಲ್ಲೇ ಹಾಗೆ ಜೋಡಿಸಿ ನೋಡಿದೆ. ನೌಕರಿ, ಬಣ್ಣ, ತವರಿನ ಬಂಗಾರ, ಅತ್ತೆಯ ಮಾತು ಎಲ್ಲ ಅವಳ ಕಾಲಮ್ಮಿಗೇ ಬಿದ್ದವು. ನನ್ನದರಲ್ಲಷ್ಟೇ ಇದ್ದದ್ದು ಎಂದರೆ ತಮ್ಮ. ಅವಳಿಗೆ ಒಡಹುಟ್ಟಿದವರು ಇರಲಿಲ್ಲ.

ನನ್ನ ತವರು ಕೃಷ್ಣೆಯ ದಂಡೆಯ ಒಂದು ಊರು. ಆ ಆಗಸ್ಟಿನಲ್ಲಿ ಮೇಲಿನ ಕಡೆಯಿಂದ ನೀರು ಬಿಟ್ಟರು, ನದಿ ಎರಡು ದಿನದಲ್ಲಿ ಕಬ್ಬಿನ ಗದ್ದೆ ದಾಟಿ ಊರಿನ ಅಗಸೆಬಾಗಿಲಿಗೆ ಬಂತು. ಬೆಳಗಾಗುತ್ತಲೇ ಜನರನ್ನು ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ನಮ್ಮ ಬನಹಟ್ಟಿಗೆ ತಂದರು. ಅರ್ಧ ಮಂದಿ ಒಂದು ಶಾಲೆಯಲ್ಲಿ, ಅರ್ಧ ಮಂದಿ ಊರ ಇನ್ನೊಂದು ತುದಿಯ ಕಲ್ಯಾಣಮಂಟಪದಲ್ಲಿ. ಕಂಪ್ಯೂಟರು ಬಲ್ಲವರು ಬೇಕೆಂದು ಪಾಲಿಟೆಕ್ನಿಕ್ಕಿಗೆ ಹೇಳಿಕಳಿಸಿದರು, ಸಣ್ಣಾಕಿ ಹೋದಳು. ನನ್ನ ಊರಿನವರು ಎಂದು ನಾನೂ ಹೋದೆ. ಶಾಲೆಯ ಆಫೀಸಿನ ಕೋಣೆಯಲ್ಲಿ ಎರಡೂ ಕಡೆಯಿಂದ ಬಂದ ಚೀಟಿಗಳನ್ನು ನಾನು ಓದುವುದು, ಅವಳು ಬರೆಯುವುದು. ಇನ್ನೊಂದು ಪಟ್ಟಿ ಪಂಚಾಯಿತಿಯಿಂದ ಬಂದದ್ದು, ಊರಿನಲ್ಲಿ ವಾಸವಿದ್ದವರದು. ಎರಡರಲ್ಲೂ ಬರೀ ಹೆಸರು, ಅಡ್ಡಹೆಸರು.

ಅವ್ವ ಮೊದಲನೆಯ ಟ್ರ್ಯಾಕ್ಟರಿನಲ್ಲಿ ಬಂದಿದ್ದಳು. ತಮ್ಮ ಎಮ್ಮೆಗಳ ಹಗ್ಗ ಬಿಚ್ಚಿ ಮುಂದಿನದರಲ್ಲಿ ಬರುತ್ತೇನೆ ಎಂದಿದ್ದನಂತೆ. ಫೋನು ಹತ್ತುತ್ತಿರಲಿಲ್ಲ, ಯಾರ ಫೋನೂ ಹತ್ತುತ್ತಿರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು, ಹುಡುಗ ಬಂದಾನೇನು ನೋಡ್ರೆವ್ವಾ ಎಂದು ಕೇಳಿದಳು. ಹೆಸರು ಹೇಳಲಿಲ್ಲ. ನಮ್ಮ ತಮ್ಮನಿಗೆ ಇಟ್ಟದ್ದು ಮುತ್ಯಾನ ಹೆಸರು, ಎಂದರೆ ಅವಳ ಮಾವನ ಹೆಸರು. ಸೊಸೆಯಾದವಳು ಅದನ್ನು ಬಾಯಲ್ಲಿ ತರುವುದಿಲ್ಲ. ಹುಟ್ಟಿದಾಗಿನಿಂದ ಅವನು ಮನೆಯಲ್ಲಿ ಬರೀ ತಮ್ಮ. ಆ ಹೆಸರನ್ನು ನಾನೇ ಹೇಳಿದೆ. ಗುರುಪಾದಪ್ಪ, ಮುಂದೆ ನಮ್ಮ ಅಡ್ಡಹೆಸರು.

ಸಣ್ಣಾಕಿ ಪರದೆ ನೋಡಿ, "ಬಂದಾನ್ರಿ ಅಕ್ಕಾರ. ಮೂರನೇ ಕಾಲಮ್ಮಿನ್ಯಾಗ ಅದಾನ, ಎರಡೂ ಕಡೆ ಹೆಸರೈತಿ" ಎಂದಳು.

ಮಂಟಪದಲ್ಲಿ ಇದ್ದಾನು ಎಂದುಕೊಂಡೆವು. ಅವ್ವ ಅಲ್ಲೇ ಗೋಡೆಗೆ ಒರಗಿ ಕೂತಳು. ಮುಂದೆ ಒಂದನೆಯ ಕಾಲಮ್ಮಿನಲ್ಲಿ, ಎಂದರೆ ಊರಿನ ಪಟ್ಟಿಯಲ್ಲಷ್ಟೇ, ಉಳಿದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ, ಇವರು ಮುಧೋಳಕ್ಕೆ ಮಗಳ ಮನೆಗೆ ಹೋಗಿದ್ದಾರೆ, ಇವರು ಬೀಳಗಿಯಲ್ಲಿದ್ದಾರೆ ಎಂದು ಗೊತ್ತುಮಾಡಿಕೊಂಡು, ಅದು ಖಾಲಿಯಾಗುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಊರು ಪೂರ್ತಿ ಬಂತು ಎಂದು ಅವಳು ಹೇಳಿದಳು. ಶಿಬಿರ ನೋಡಿಕೊಳ್ಳುತ್ತಿದ್ದ ಸಾಹೇಬರು, ಊರಿನಲ್ಲಿ ಉಳಿದವರನ್ನು ಹುಡುಕುತ್ತಿದ್ದ ಬೋಟಿನವರಿಗೆ ಕೆಳಗಿನ ಊರಿಗೆ ನಡೆಯಿರಿ ಎಂದು ಹೇಳಿಕಳಿಸಿದರು.

ಎಲ್ಲರೂ ಊಟಕ್ಕೆ ಎದ್ದರು. ಅವಳು ಏಳಲಿಲ್ಲ. ಮುಂಜಾನೆಯ ಗದ್ದಲದಲ್ಲಿ ತನ್ನ ಚಟ ಬಿಟ್ಟುಹೋಗಿತ್ತಲ್ಲ, ಅದು ನೆನಪಾಗಿರಬೇಕು. ಪಂಚಾಯಿತಿಯ ಪಟ್ಟಿ ಬಂದಾಗ ಎಷ್ಟು ಸಾಲಿತ್ತು, ಸಾಲಿಗೆ ಹಚ್ಚಿದ ಮೇಲೆ ಎಷ್ಟಿದೆ ಎಂದು ಎಣಿಸಿದಳು. ಎರಡು ಸಾಲು ಕಡಿಮೆ ಇದ್ದವು.

ಆಗ ಬಳೆಗಳು ಜಾರಿದವು.

ಆದದ್ದು ಇಷ್ಟು. ಶಿಬಿರಕ್ಕೆ ಬಂದವರು ನಾಷ್ಟಾಕ್ಕೊಮ್ಮೆ, ಹಾಸಿಗೆಗೊಮ್ಮೆ ಹೆಸರು ಬರೆಸಿದ್ದರು. ಒಬ್ಬೊಬ್ಬರ ಹೆಸರು ಎರಡೆರಡು ಸಲ ಬಂದಿತ್ತು. ಅದಕ್ಕೆ ಅವಳು ಸಾರ್ಟಿನ ಮುಂದೆ ಇನ್ನೊಂದು ಅಕ್ಷರ ಸೇರಿಸಿ, ಒಂದೇ ಥರದ ಹೆಸರು ಎಷ್ಟು ಸಲ ಬಂದರೂ ಒಂದನ್ನೇ ಉಳಿಸು ಎಂದು ಹೇಳಿದ್ದಳು. ಶಿಬಿರದ ಪಟ್ಟಿಗೆ ಅದು ಸರಿಯೇ. ಕೈಯ ರೂಢಿಗೆ ಊರಿನ ಪಟ್ಟಿಗೂ ಹಾಗೇ ಮಾಡಿಬಿಟ್ಟಿದ್ದಳು. ಎರಡು ಸಲ ಬಂದ ಹೆಸರುಗಳನ್ನಷ್ಟೇ ತೋರಿಸು ಎಂದು ಈಗ ಊರಿನ ಪಟ್ಟಿಗೆ ಹೇಳಿದಳು. ಎರಡು ಹೆಸರು ಬಂದವು. ಒಂದು ಯಾರೋ ಮುದುಕಿಯರದು, ಇಬ್ಬರೂ ನಮ್ಮ ಕಣ್ಣೆದುರೇ ಪಡಸಾಲೆಯಲ್ಲಿ ಕೂತಿದ್ದರು. ಇನ್ನೊಂದನ್ನು ಓದಿ ಅವಳು ನನ್ನ ಕಡೆ ತಿರುಗಿದಳು.

"ಅಕ್ಕಾರ, ನಿಮ್ಮ ಮುತ್ಯಾನ ಹೆಸರು ಮನ್ಯಾಗ ಎಷ್ಟ ಮಂದಿಗೆ ಇಟ್ಟಾರ?"

ನಮ್ಮಲ್ಲಿ ಅಪ್ಪನ ಹೆಸರನ್ನು ಮೊದಲ ಮಗನಿಗೆ ಇಡುತ್ತಾರೆ. ನಮ್ಮ ಅಪ್ಪ ಇಟ್ಟ, ನಮ್ಮ ಕಾಕಾನೂ ಇಟ್ಟ. ಕಾಕಾನ ಮಗನನ್ನು ಮನೆಯಲ್ಲಿ ಅಪ್ಪು ಎನ್ನುತ್ತೇವೆ. ಮಂಟಪದಿಂದ ಬಂದ ಚೀಟಿ ಓದುವಾಗ ನನ್ನ ಬಾಯಿಂದಲೇ ಹೊರಟ ಹೆಸರು ಅಪ್ಪುವಿನದಾಗಿರಬಹುದು ಎಂದು ಹೊಳೆದಿರಲಿಲ್ಲ. ಆ ಮನೆಯ ಮಗಳು ನಾನು. ಹೊಳೆದದ್ದು ಅವಳಿಗೆ. ಇಬ್ಬರಿಗೆ ಎಂದೆ. ಅವಳು ಚೀಟಿಗಳನ್ನು ತಿರುವಿದಳು: ಆ ಹೆಸರು ಇದ್ದದ್ದು ಮಂಟಪದ ಚೀಟಿಗಳಲ್ಲಷ್ಟೇ, ಅದೂ ಕಾಕಾನ ಮನೆಯವರ ಹೆಸರುಗಳ ನಡುವೆ.

ಅವಳು ಎದ್ದು ಓಡಲಿಲ್ಲ, ಅಳಲಿಲ್ಲ. ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ ಸಾಹೇಬರ ಎದುರು ಹೋಗಿ ನಿಂತು, ಅಷ್ಟೂ ಮಂದಿ ಕೇಳುವಂತೆ ಹೇಳಿದಳು.

"ತಪ್ಪು ನಂದ್ರಿ ಸಾಹೇಬ್ರ. ಒಬ್ಬ ಮನಶ್ಯಾ ಊರಾಗ ಉಳದಾನ. ಬೋಟ ಹೊಳ್ಳಿ ಕಳಸ್ರಿ."

ಈಗಷ್ಟೇ ಪೂರ್ತಿ ಎಂದಿರಲ್ಲ ಎಂದು ಅವರು ಸಿಡುಕಿದರು. ಮಂಟಪದಲ್ಲಿ ಮೊದಲು ಹುಡುಕಿಸೋಣ ಎಂದರು. ಅವಳು ವಾದ ಮಾಡಲಿಲ್ಲ. ಮಂಟಪದಲ್ಲಿರುವವನು ಅವನ ಕಾಕಾನ ಮಗ, ಹೆಸರು ಒಂದೇ, ಆಳು ಇಬ್ಬರು, ಬೋಟು ಮೊದಲು ಹೊಳ್ಳಲಿ, ಹುಡುಕುವುದು ಆಮೇಲೆ ಎಂದಳು. ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿದಳು. ಅವರು ತುತ್ತು ಬಿಟ್ಟು ಫೋನು ತೆಗೆದರು. ತಮ್ಮ ನೀರಿನ ನಡುವೆ ಸಿಕ್ಕಿಕೊಂಡಿದ್ದಾಗಲೂ ನನಗೆ ಒಂದು ಕ್ಷಣ ಅನಿಸಿತು: ಇವಳು ತಪ್ಪು ಮಾಡಿದರೂ ತಲೆ ಎತ್ತಿಯೇ ಮಾಡುತ್ತಾಳಲ್ಲ.

ಜೀಪಿನಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ರಸ್ತೆ ನೀರಿನೊಳಗೆ ಇಳಿದುಹೋಗುವ ಜಾಗದಲ್ಲಿ ಇಳಿದೆವು. ಎದುರಿಗೆ ಊರು. ನಮ್ಮ ಮನೆ ಹಳೆಯ ಮಣ್ಣಿನ ಮನೆ, ಮೇಲೆ ಮಣ್ಣಿನದೇ ಮಾಳಿಗೆ. ಅದರ ಮೇಲೆ ಬನಿಯನ್ನು ತೊಟ್ಟ ಒಬ್ಬ ಮನುಷ್ಯ ಕೆಂಪು ಟವೆಲ್ಲು ಬೀಸುತ್ತಿದ್ದ. ಮುಂಜಾನೆಯಿಂದ ಬೀಸುತ್ತಿದ್ದನಂತೆ. ಎಮ್ಮೆ ಬಿಚ್ಚಿ ಬರುವಷ್ಟರಲ್ಲಿ ಓಣಿಯಲ್ಲಿ ಸೆಳವು ಹೆಚ್ಚಾಗಿತ್ತು, ಮಾಳಿಗೆ ಹತ್ತಿದ. ಬೋಟು ಗುಡಿಯ ಆಚೆಯಿಂದ ಹಾದುಹೋಯಿತು, ಇಂಜಿನಿನ ಸಪ್ಪಳದಲ್ಲಿ ಇವನ ಕೂಗು ಕೇಳಲಿಲ್ಲ. ಅದು ದೂರ ಹೋಗುವುದನ್ನು ಅವನು ನಿಂತು ನೋಡಿದ್ದ.

ಬೋಟು ತಿರುಗಿ ಬಂತು. ಗೋಡೆಯ ಪಕ್ಕಕ್ಕೆ ಹಚ್ಚಿದರು. ಒಬ್ಬ ಹಗ್ಗ ಎಸೆದ. ತಮ್ಮ ಹಗ್ಗ ಹಿಡಿದು ಒಂದು ಕಾಲು ಬೋಟಿನೊಳಗೆ ಇಟ್ಟ. ಇನ್ನೊಂದು ಕಾಲು ಮಾಳಿಗೆಯ ಅಂಚಿನಲ್ಲಿರುವಾಗಲೇ ಹಿಂದಿನ ಗೋಡೆ ಕೂತಿತು. ಬಿದ್ದದ್ದಲ್ಲ, ಕೂತದ್ದು. ನೀರಿನಲ್ಲಿಟ್ಟ ಬೆಲ್ಲದ ಪೆಂಟಿ ಬುಡದಿಂದ ಕರಗಿ ಕುಸಿಯುತ್ತದಲ್ಲ, ಹಾಗೆ. ಮಾಳಿಗೆ ಅದರ ಹಿಂದೆ ಹೋಯಿತು. ಎದ್ದ ಅಲೆಗೆ ಬೋಟು ಒಂದು ಬದಿಗೆ ಪೂರಾ ವಾಲಿತು, ತಮ್ಮ ಸೊಂಟದವರೆಗೆ ನೀರಿಗೆ ಹೋದ. ಬೋಟಿನವನೊಬ್ಬ ಅವನ ಬನಿಯನ್ನು ಕುತ್ತಿಗೆಯ ಹತ್ತಿರ ಹಿಡಿದಿದ್ದ. ಆ ಬನಿಯನ್ನು ಹರಿಯಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಕೆಲವು ಸಲ ಅದು ಹರಿಯುತ್ತದೆ.

ದಂಡೆಗೆ ಬಂದವನು ನನ್ನ ಕೈ ಹಿಡಿದುಕೊಂಡ. ಆಮೇಲೆ, ಬೋಟು ಹೊಳ್ಳಿಸಿದವರು ಯಾರು ಎಂದು ಕೇಳಿದ. ಬೋಟಿನವರು ಅವಳ ಕಡೆ ಕೈ ಮಾಡಿದರು. ಅವನು ನನ್ನ ಕೈ ಬಿಟ್ಟು ಅವಳ ಕಾಲಿಗೆ ಬಗ್ಗಿದ. ಅವಳು ಹಿಂದೆ ಸರಿದಳು.

"ನನ್ನ ಕಾಲಿಗೆ ಬೀಳಬ್ಯಾಡ. ನಿನ್ನ ಬಿಟ್ಟಾಕಿನೂ ನಾನ" ಎಂದಳು.

ಅವನು ಆ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಆವತ್ತಿನಿಂದ ಅವಳು ಅವನಿಗೆ ಅಕ್ಕಾರ, ನಾನು ಬರೀ ಅಕ್ಕ. ನೀರು ಇಳಿದ ಮೇಲೆ ಬೆಳೆದ ಮೊದಲನೆಯ ಜೋಳದ ಎಳೆಯ ತೆನೆ ಸುಟ್ಟು ಸೀತನಿ ಮಾಡಿಕೊಂಡು ಬೈಕಿನ ಮೇಲೆ ತಂದವನು ಹೊಸ್ತಿಲಲ್ಲೇ ಅಕ್ಕಾರ ಎಲ್ಲಿ ಎಂದು ಕೇಳಿದ. ಎದುರಿಗೆ ನಿಂತಿದ್ದವಳು ನಾನು. ಅವ್ವ ಪಂಚಮಿಗೆ ಶೇಂಗಾ ಹೋಳಿಗೆ ಕಳಿಸುವಾಗ ಮೊದಲು ಒಂದು ಡಬ್ಬಿ ಬರುತ್ತಿತ್ತು, ಈಗ ಎರಡು ಬರತೊಡಗಿದವು. ನಾನು ಎರಡನ್ನೂ ಎಣಿಸಿದೆ. ಅವಳದರಲ್ಲಿ ಎರಡು ಹೆಚ್ಚಿದ್ದವು. ನನ್ನ ಕಾಲಮ್ಮಿನಲ್ಲಷ್ಟೇ ಇದ್ದ ಒಬ್ಬನೂ ಈಗ ಮೂರನೆಯದಕ್ಕೆ ಹೋಗಿದ್ದ. ಅವನು ಜೀವಂತ ಇದ್ದಾನೆ, ಅದಕ್ಕಿಂತ ಹೆಚ್ಚಿನದು ನನಗೆ ಬೇಡ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಅಂದುಕೊಂಡಷ್ಟು ಹೊತ್ತು ಖರೆ ಅನಿಸುತ್ತಿತ್ತು.

ನಿದ್ದೆ ಮಾತ್ರ ನನ್ನಿಂದ ಹೋಗಿಬಿಟ್ಟಿತ್ತು. ಕಣ್ಣು ಹತ್ತುತ್ತಲೇ ಗೋಡೆ ಕೂಡುತ್ತಿತ್ತು. ಎದ್ದು ಕೂತರೆ ಪಕ್ಕದ ಕೋಣೆಯಲ್ಲಿ ಸಣ್ಣಾಕಿಯ ಸದ್ದೇ ಇರುತ್ತಿರಲಿಲ್ಲ. ಎಷ್ಟು ಹಾಯಾಗಿ ಮಲಗಿದ್ದಾಳೆ ಎಂದು ಆ ನಿದ್ದೆಗೂ ಹೊಟ್ಟೆ ಉರಿದುಕೊಂಡೆ. ಒಂದು ದಿನ ಹಿತ್ತಲಲ್ಲಿ ಮೆಣಸಿನಕಾಯಿ ಹರವುತ್ತ ಅದನ್ನೇ ಅತ್ತೆಯ ಮುಂದೆ ಆಡಿದೆ. ಅತ್ತೆ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ಅವಳು ದಿನಾ ಏಳುತ್ತಾಳೆ, ನಿನಗೆ ಗೊತ್ತಾಗಬಾರದೆಂದು ಬಳೆ ತೆಗೆದಿಟ್ಟು ಬರಿಗಾಲಲ್ಲಿ ಅಡ್ಡಾಡುತ್ತಾಳೆ ಎಂದರು.

ಸಂಜೆ ಅವಳು ಬಂದ ಮೇಲೆ ಚಹಾ ಕೊಟ್ಟು ಕೇಳಿದೆ. ಮೊದಲು ನಕ್ಕಳು. ಆಮೇಲೆ ಕಪ್ಪಿನೊಳಗೆ ನೋಡುತ್ತ ಹೇಳಿದಳು. "ನೀವು ಗ್ವಾಡಿ ಬೀಳೂದು ಕಂಡೀರಿ. ನನಗ ಅದಲ್ರಿ. ಅವ ಟವೆಲ್ ಬೀಸಾಕತ್ತಾನ, ಬೋಟ ಹೊಂಟೈತಿ. ದಿನಾ ಹೊಂಟೈತಿ."

ನನಗೆ ಬಂದದ್ದು ಕನಿಕರ ಎಂದು ಬರೆದರೆ ಚೆನ್ನಾಗಿತ್ತು. ಬಂದದ್ದು ಬೇರೆ. ನನ್ನ ತಮ್ಮನಿಗಾಗಿ ಹೆದರುವ ಹಕ್ಕಿನಲ್ಲೂ ಇವಳು ಪಾಲು ತೆಗೆದುಕೊಂಡಳಲ್ಲ ಎಂದೇ ಮೊದಲು ಅನಿಸಿತು. ಆದರೆ ಅವತ್ತಿನಿಂದ ರಾತ್ರಿ ಎಚ್ಚರಾದಾಗ ನಾನು ಗೋಡೆಗೆ ಒಂದು ಸಲ ತಟ್ಟುತ್ತಿದ್ದೆ. ಆ ಕಡೆಯಿಂದಲೂ ಒಂದು ಸಲ ತಟ್ಟುವ ಸದ್ದು ಬರುತ್ತಿತ್ತು. ಅಷ್ಟೇ. ಹಗಲಿನಲ್ಲಿ ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

ತಮ್ಮನಿಗೆ ಮದುವೆಯಾಯಿತು, ಈ ವರ್ಷ ಹೆಣ್ಣುಮಗು ಹುಟ್ಟಿತು. ಅವನ ಹೆಂಡತಿಯ ತವರು ಸಾವಳಗಿಯಲ್ಲಿ ತೊಟ್ಟಿಲಿಗೆ ಹಾಕುವುದಿತ್ತು. ಅವ್ವ ತನ್ನ ಅತ್ತೆಯ ಹೆಸರು ಇಡೋಣ ಎಂದಳು. ಮುಟ್ಟಿದರೆ ಮುನಿಯುವವನಲ್ಲ ನನ್ನ ತಮ್ಮ, ಆದರೆ ಈ ಮಾತಿಗೆ ಗಟ್ಟಿಯಾಗಿ ನಿಂತ. ಇದ್ದ ಹೆಸರು ಬೇಡ, ಊರಲ್ಲಿ ಯಾರಿಗೂ ಇಲ್ಲದ ಹೆಸರು ಬೇಕು, ಅದನ್ನು ಅಕ್ಕಾರೇ ತೆಗೆದುಕೊಡಬೇಕು ಎಂದ. ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಆ ಮಗುವಿಗೆ ಇರುವ ಒಬ್ಬಳೇ ಸೋದರತ್ತೆ ನಾನು. ಬಸ್ಸಿನಲ್ಲಿ ಸಾವಳಗಿಗೆ ಹೋಗುವ ದಾರಿಯುದ್ದಕ್ಕೂ ನಾನು ಅವಳ ಪಕ್ಕದಲ್ಲಿ ಕೂತು ಕಿಟಕಿಯ ಹೊರಗೇ ನೋಡಿದೆ.

ಅವಳು ಒಂದು ಕಾಗದ ತಂದಿದ್ದಳು. ತಾನು ಬರೆದ ಹೆಸರುಗಳನ್ನು ಒಂದು ಪಟ್ಟಿ ಮಾಡಿ, ಊರಿನವರ ಹೆಸರುಗಳನ್ನು ಇನ್ನೊಂದು ಪಟ್ಟಿ ಮಾಡಿ, ಜೋಡಿಸಿ, ಒಂದನೆಯ ಕಾಲಮ್ಮಿನಲ್ಲಿ ಉಳಿದ ಐದನ್ನು ಬರೆದುಕೊಂಡಿದ್ದಳು. ಮೊದಲೂ ಎಣಿಸೇನಿ, ಆಮೇಲೂ ಎಣಿಸೇನಿ ಎಂದು ನನಗಷ್ಟೇ ಕೇಳುವಂತೆ ಹೇಳಿದಳು. ತೊಟ್ಟಿಲ ಸುತ್ತ ಹೆಂಗಸರು ಸೇರಿದರು. ತಮ್ಮ, ಅಕ್ಕಾರ ಮುಂದ ಬರ್ರಿ ಎಂದು ಕರೆದ. ಯಾವ ಅಕ್ಕನನ್ನು ಎಂದು ಕೇಳಬೇಕಾಗಿರಲಿಲ್ಲ. ಅವಳು ಆ ಕಾಗದವನ್ನು ನನ್ನ ಅಂಗೈಯಲ್ಲಿಟ್ಟು, ಬೆನ್ನಿಗೆ ಕೈ ಹಚ್ಚಿ ನನ್ನನ್ನು ಮುಂದಕ್ಕೆ ನೂಕಿದಳು.

"ಹುಡುಕೂದಷ್ಟ ನನ್ನ ಕೆಲಸ ಆಗಿತ್ರಿ. ಇದರಾಗ ಯಾವದು ಅನ್ನೂದು ನೀವ ಆರಿಸ್ರಿ, ಕಿವ್ಯಾಗ ನೀವ ಹೇಳ್ರಿ."

ಐದರಲ್ಲಿ ಒಂದನ್ನು ಆರಿಸಿದೆ. ಮಗುವಿನ ಕಿವಿಗೆ ಬಾಯಿಟ್ಟು ಕುರ್ರ್ ಎಂದು ಹೆಸರು ಹೇಳಿದೆ. ಹೇಳುವವಳ ಬೆನ್ನಿಗೆ ಹೆಂಗಸರು ಗುದ್ದಬೇಕೆಂಬ ಪದ್ಧತಿ ಇದೆಯಲ್ಲ, ಎಲ್ಲರೂ ಗುದ್ದಿದರು. ಎಲ್ಲರಿಗಿಂತ ಗಟ್ಟಿಯಾಗಿ ಗುದ್ದಿದವಳು ಅವಳೇ, ಬಳೆಯ ಸಪ್ಪಳದಿಂದ ಗೊತ್ತಾಯಿತು. ನನ್ನ ಹಕ್ಕು ನನಗೆ ಸಿಕ್ಕಿತು. ಆದರೆ ಅದನ್ನೂ ಅವಳೇ ಕೊಟ್ಟಳು. ತಮ್ಮನನ್ನು ಕೊಟ್ಟದ್ದಲ್ಲದೆ ಇದೂ ಸೇರಿತು. ಅವಳಿಗೆ ನಾನು ತಿರುಗಿ ಕೊಡಬಹುದಾದ ಆಯೇರಿ ಯಾವ ಅಂಗಡಿಯಲ್ಲೂ ಇಲ್ಲ.

ಆ ರಾತ್ರಿ ಬಂದವರೆಲ್ಲ ಪಡಸಾಲೆಯಲ್ಲೇ ಮಲಗಿದೆವು. ನಮ್ಮಿಬ್ಬರಿಗೂ ಒಂದೇ ಜಮಖಾನೆ ಸಿಕ್ಕಿತು, ತಲೆಯ ಹತ್ತಿರ ತೊಟ್ಟಿಲು. ನಡುವೆ ತಟ್ಟಲು ಗೋಡೆ ಇರಲಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಮಗು ರಾತ್ರಿಯಲ್ಲಿ ಎರಡು ಸಲ ಅತ್ತಿತಂತೆ, ನನಗೆ ಕೇಳಿಸಿರಲಿಲ್ಲ. ಅಂಗಳದಲ್ಲಿ ತಮ್ಮ ಯಾರಿಗೋ ಚಹಾ ಕೊಡುತ್ತ ನಗುತ್ತಿದ್ದ. ಪಕ್ಕಕ್ಕೆ ತಿರುಗಿದೆ. ಸಣ್ಣಾಕಿ ಕೈಗಳನ್ನು ತಲೆಯ ಮೇಲೆ ಚಾಚಿ, ಬಾಯಿ ತುಸು ತೆರೆದು ಮಲಗಿದ್ದಳು. ಆವತ್ತು ಬಳೆ ತೆಗೆದಿಟ್ಟಿರಲಿಲ್ಲ. ಅವು ತಾವಾಗಿಯೇ ಮೊಣಕೈಗೆ ಸರಿದು ನಿಂತಿದ್ದವು. ಎಬ್ಬಿಸಲಿಲ್ಲ. ನಾನು ಮುಖ ತೊಳೆದು, ಚಹಾ ಕುಡಿದು, ತೊಟ್ಟಿಲು ತೂಗುತ್ತ ಕೂತ ಮೇಲೂ ಅವಳು ಮಲಗಿಯೇ ಇದ್ದಳು. ನನಗಿಂತ ಒಂದೂವರೆ ತಾಸು ಹೆಚ್ಚು. ಎಣಿಸಿದ್ದೇನೆ.